ಎರಡು ಸೀಟು, ಐವತ್ತಾರು ಸುತ್ತು: 1881ರ ಆಲ್ಬನಿ ರಗಳೆ

1881ರ ಜೂನ್ ತಿಂಗಳು. ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿ. ಅಸೆಂಬ್ಲಿ ಸದಸ್ಯ ಸ್ಯಾಮ್ಯುಯೆಲ್ ಬ್ರಾಡ್ಲಿ ಎರಡು ಸಾವಿರ ಡಾಲರ್ ತಂದು ಸ್ಪೀಕರ್ ಜಾರ್ಜ್ ಶಾರ್ಪ್ ಕೈಗೆ ಒಪ್ಪಿಸಿದ. ಸೆನೆಟ್ ಸೀಟಿಗೆ ನಿಂತ ಪ್ಲಾಟ್‌ಗೆ ಹಾಕುವ ವೋಟನ್ನು ಅವನ ಎದುರಾಳಿ ಚಾನ್ಸಿ ಡಿಪ್ಯೂಗೆ ಹಾಕು ಎಂದು ರಾಜ್ಯ ಸೆನೆಟರ್ ಲೊರೆನ್ ಸೆಷನ್ಸ್ ಈ ದುಡ್ಡು ಕೊಟ್ಟ ಅನ್ನುವುದು ಅವನ ದೂರು. ಸೆಷನ್ಸ್ ಅದೆಲ್ಲ ಸುಳ್ಳು ಅಂದ. ಸತ್ಯ ಯಾವುದೇ ಇರಲಿ, ಒಂದು ಲೆಕ್ಕ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಆಗ ಅಲ್ಲಿನ ಶಾಸಕರ ಸಂಬಳ ವರ್ಷಕ್ಕೆ 1,500 ಡಾಲರ್. ಒಂದು ವೋಟಿನ ರೇಟು ವರ್ಷದ ಸಂಬಳವನ್ನೂ ಮೀರಿತ್ತು!

ಅದು ಮಸೂದೆಗೆ ಹಾಕುವ ವೋಟಲ್ಲ. ವಾಷಿಂಗ್ಟನ್ನಿನ ಸೆನೆಟ್‌ಗೆ ಇಬ್ಬರನ್ನು ಆರಿಸಿ ಕಳಿಸುವ ವೋಟು. ಅಮೆರಿಕದ ಮೂಲ ಸಂವಿಧಾನದ ಪ್ರಕಾರ ಪ್ರತಿ ರಾಜ್ಯಕ್ಕೆ ಇಬ್ಬರು ಸೆನೆಟರ್‌ಗಳು, ಅವಧಿ ಆರು ವರ್ಷ. ಅವರನ್ನು ಆರಿಸುವುದು ಜನ ಅಲ್ಲ, ರಾಜ್ಯದ ಶಾಸಕರು. ನಮ್ಮ ರಾಜ್ಯಸಭೆ ಚುನಾವಣೆ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. 1866ರಲ್ಲಿ ಇದಕ್ಕೊಂದು ಕಾನೂನೂ ಬಂದಿತ್ತು. ಮೊದಲ ದಿನ ಎರಡೂ ಸದನಗಳು ಬೇರೆ ಬೇರೆ ವೋಟು ಹಾಕಬೇಕು. ಒಬ್ಬನೇ ಎರಡೂ ಕಡೆ ಗೆಲ್ಲದಿದ್ದರೆ ಮಾರನೆ ದಿನ ಮಧ್ಯಾಹ್ನ ಜಂಟಿಯಾಗಿ ಸೇರಬೇಕು. ಅಲ್ಲೂ ಯಾರಿಗೂ ಬಹುಮತ ಸಿಗದಿದ್ದರೆ, ಸಿಗುವವರೆಗೆ ದಿನಕ್ಕೆ ಕಡೇಪಕ್ಷ ಒಂದು ಸುತ್ತು ನಡೆಯಲೇಬೇಕು. ಗುಟ್ಟಿನ ಮತದಾನ ಇಲ್ಲ. ಹೆಸರು ಕೂಗಿದಾಗ ಎದ್ದು ಬಾಯಿಬಿಟ್ಟೇ ಹೇಳಬೇಕು. ದಿನಾ ಹೀಗೆ ಎದ್ದು ಅದದೇ ಹೆಸರು ಹೇಳುವ ಕರ್ಮ ಆ ವರ್ಷ ಆಲ್ಬನಿಯ ಶಾಸಕರ ಪಾಲಿಗೆ ಬಂತು.

ಅವರು 104ನೇ ಶಾಸನಸಭೆಯವರು. 1777ರಿಂದ ಲೆಕ್ಕ ಹಿಡಿದರೆ ಈ ಸಂಖ್ಯೆ ಬರುತ್ತದೆ. 1846ರ ರಾಜ್ಯ ಸಂವಿಧಾನ 32 ರಾಜ್ಯ ಸೆನೆಟರ್ ಮತ್ತು 128 ಅಸೆಂಬ್ಲಿ ಸದಸ್ಯರು ಎಂದು ಗೊತ್ತುಮಾಡಿತ್ತು. ಸೆನೆಟರ್‌ಗಳಿಗೆ ಎರಡು ವರ್ಷ, ಅಸೆಂಬ್ಲಿಯವರಿಗೆ ಒಂದೇ ವರ್ಷ. ಸರಿಯಾಗಿ ಓದಿ, ಒಂದೇ ವರ್ಷ. ನವೆಂಬರಿನಲ್ಲಿ ಗೆದ್ದವನು ಜನವರಿಯಲ್ಲಿ ಬಂದು ಕೂತರೆ, ಮುಂದಿನ ನವೆಂಬರಿಗೆ ಮತ್ತೆ ಮನೆ ಮನೆ ತಿರುಗಬೇಕು. ಅಧಿಕಾರ ಜನರ ಕೈ ತಪ್ಪಬಾರದು ಅನ್ನುವುದು ಇದರ ಹಿಂದಿನ ಆಸೆ. ಆದರೆ ವರ್ಷವರ್ಷ ಚುನಾವಣೆ ಮಾಡಬೇಕಾದರೆ ವರ್ಷವರ್ಷ ದುಡ್ಡು ಬೇಕು, ಓಡಾಡುವ ಆಳು ಬೇಕು, ಟಿಕೆಟ್ ಕೊಡಿಸುವ ಧಣಿ ಬೇಕು. ಈ ಮೂರೂ ಸಿಗುತ್ತಿದ್ದ ಜಾಗ ನ್ಯೂಯಾರ್ಕ್ ಬಂದರಿನ ಕಸ್ಟಮ್ಸ್ ಕಚೇರಿ.

ಆಗ ಅಮೆರಿಕದ ಒಕ್ಕೂಟ ಸರ್ಕಾರಕ್ಕೆ ಆದಾಯ ತೆರಿಗೆ ಇರಲಿಲ್ಲ. ಬೊಕ್ಕಸ ತುಂಬಿಸುತ್ತಿದ್ದದ್ದು ಮುಖ್ಯವಾಗಿ ಆಮದು ಸುಂಕ. ಆ ಸುಂಕದಲ್ಲಿ ಬಹುಪಾಲು ಈ ಒಂದೇ ಬಂದರಿನಿಂದ ಬರುತ್ತಿತ್ತು. ಕಚೇರಿಯಲ್ಲಿ ಸಾವಿರಕ್ಕೂ ಹೆಚ್ಚು ನೌಕರಿ. ಪರೀಕ್ಷೆ ಗಿರೀಕ್ಷೆ ಏನಿಲ್ಲ, ಪಕ್ಷಕ್ಕೆ ದುಡಿದವನಿಗೆ ಕೆಲಸ. ಕೆಲಸ ಸಿಕ್ಕವನು ಸಂಬಳದಲ್ಲಿ ಒಂದಿಷ್ಟು ಪಾಲು ಪಕ್ಷಕ್ಕೆ ಕಟ್ಟಬೇಕು. ಚುನಾವಣೆ ಬಂದರೆ ಬೀದಿಗಿಳಿಯಬೇಕು. ಕಚೇರಿಯ ಮುಖ್ಯಸ್ಥನಾದ ಕಲೆಕ್ಟರ್ ಹುದ್ದೆಯಂತೂ ಕಾಮಧೇನು. ಸಿಕ್ಕಿಬಿದ್ದ ಮಾಲಿನ ದಂಡದಲ್ಲಿ ಅಧಿಕಾರಿಗಳಿಗೂ ಪಾಲು ಸಿಗುತ್ತಿದ್ದ ದಿನಗಳಲ್ಲಿ ಕಲೆಕ್ಟರ್ ಚೆಸ್ಟರ್ ಆರ್ಥರ್‌ಗೆ ವರ್ಷಕ್ಕೆ ಸುಮಾರು 50,000 ಡಾಲರ್ ಬರುತ್ತಿತ್ತು.

ಇಲ್ಲಿ ಒಂದು ಚಕ್ರ ಇದೆ. ಕಸ್ಟಮ್ಸಿನ ದುಡ್ಡು, ಕಸ್ಟಮ್ಸಿನ ಆಳು ಸೇರಿ ಶಾಸಕರನ್ನು ಗೆಲ್ಲಿಸುತ್ತಾರೆ. ಶಾಸಕರು ಸೆನೆಟರ್‌ನನ್ನು ಆರಿಸುತ್ತಾರೆ. ಕಲೆಕ್ಟರ್ ಯಾರಾಗಬೇಕು ಅನ್ನುವುದನ್ನು ಆ ಸೆನೆಟರ್ ತೀರ್ಮಾನಿಸುತ್ತಾನೆ. ಕಾಗದದ ಮೇಲೆ ನೇಮಕ ಮಾಡುವವನು ಅಧ್ಯಕ್ಷ. ಆದರೆ ಆಯಾ ರಾಜ್ಯದ ಸೆನೆಟರ್ ಬೇಡ ಎಂದರೆ ಸೆನೆಟ್ ಒಪ್ಪಿಗೆ ಕೊಡುವುದಿಲ್ಲ ಎಂಬ ವಾಡಿಕೆ ಬೆಳೆದಿತ್ತು. 1870ರ ದಶಕದಲ್ಲಿ ಈ ಚಕ್ರದ ಗುಂಬ ನ್ಯೂಯಾರ್ಕಿನ ಸೆನೆಟರ್, ರಿಪಬ್ಲಿಕನ್ ಪಕ್ಷದ ರಾಸ್ಕೋ ಕಾಂಕ್ಲಿಂಗ್. ಎತ್ತರದ ಆಳು, ಒಳ್ಳೆ ಮಾತುಗಾರ, ಠೀವಿಯಲ್ಲಿ ಯಾರಿಗೂ ಬಿಟ್ಟುಕೊಡುವವನಲ್ಲ. ಅವನ ನಡಿಗೆಯನ್ನು ಟರ್ಕಿ ಹುಂಜಕ್ಕೆ ಹೋಲಿಸಿ ಅದೇ ಪಕ್ಷದ ಜೇಮ್ಸ್ ಬ್ಲೇನ್ 1866ರಲ್ಲೇ ಗೇಲಿ ಮಾಡಿದ್ದ. ಆ ಒಂದು ಮಾತಿಗೆ ಇಬ್ಬರೂ ಸಾಯುವವರೆಗೆ ಹಲ್ಲು ಮಸೆದರು.

104ನೇ ಸಭೆಯನ್ನೇ ನೋಡಿ. ಸ್ಪೀಕರ್ ಶಾರ್ಪ್ ಅಂತರ್ಯುದ್ಧದಲ್ಲಿ ಬೇಹುಗಾರಿಕೆ ದಳ ನಡೆಸಿದವನು, ಆಮೇಲೆ ಅದೇ ಬಂದರಿನಲ್ಲಿ ಸರ್ವೇಯರ್ ಆಗಿದ್ದವನು. ಗವರ್ನರ್ ಅಲಾನ್ಸೊ ಕಾರ್ನೆಲ್ ಅದೇ ಕಚೇರಿಯಲ್ಲಿ ನೇವಲ್ ಆಫೀಸರ್ ಎಂಬ ಸುಂಕದ ಅಧಿಕಾರಿ ಆಗಿದ್ದ. 1878ರಲ್ಲಿ ಅಧ್ಯಕ್ಷ ಹೇಸ್ ಕಾರ್ನೆಲ್ ಮತ್ತು ಆರ್ಥರ್ ಇಬ್ಬರನ್ನೂ ಕೆಲಸದಿಂದ ಎತ್ತಂಗಡಿ ಮಾಡಿದ. ಕಾರ್ನೆಲ್ ಮುಂದಿನ ವರ್ಷವೇ ಗವರ್ನರ್ ಆಗಿ ಗೆದ್ದ! ಆರ್ಥರ್ ಅದಕ್ಕಿಂತ ಮೇಲಕ್ಕೇ ಹೋದ.

ಅದು ಹೇಗೆ ಅಂದರೆ, 1880ರ ಜೂನ್‌ನಲ್ಲಿ ಶಿಕಾಗೊದಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶ ನಡೆಯಿತು. ಗ್ರಾಂಟ್‌ನನ್ನು ಮೂರನೇ ಸಲ ಅಧ್ಯಕ್ಷ ಮಾಡಬೇಕು ಅನ್ನುವುದು ಕಾಂಕ್ಲಿಂಗ್ ಹಟ. ಅವನ ಬಣಕ್ಕೆ ಸ್ಟಾಲ್ವಾರ್ಟ್ ಅಂತ ಹೆಸರು. ಎದುರು ಬ್ಲೇನ್ ಬಣ, ಅವರನ್ನು ಹಾಫ್‌ಬ್ರೀಡ್ ಅಂತ ಹಂಗಿಸುತ್ತಿದ್ದರು. ನ್ಯೂಯಾರ್ಕಿನ ಪ್ರತಿನಿಧಿಗಳೆಲ್ಲ ಒಂದೇ ಕಟ್ಟಾಗಿ ಗ್ರಾಂಟ್‌ಗೆ ವೋಟು ಹಾಕಬೇಕು ಎಂದು ಕಾಂಕ್ಲಿಂಗ್ ಅಪ್ಪಣೆ ಮಾಡಿದ. ರಾಜ್ಯ ಸೆನೆಟರ್ ವಿಲಿಯಂ ರಾಬರ್ಟ್‌ಸನ್ ‘ಆಗೋದಿಲ್ಲ’ ಎಂದ, ತನ್ನ ಜೊತೆಗೆ ಇನ್ನಷ್ಟು ಜನರನ್ನೂ ಎಳೆದುಕೊಂಡ. 36ನೇ ಸುತ್ತಿನಲ್ಲಿ ಟಿಕೆಟ್ ಜೇಮ್ಸ್ ಗಾರ್‌ಫೀಲ್ಡ್ ಪಾಲಾಯಿತು. ಸ್ಟಾಲ್ವಾರ್ಟರನ್ನು ಸಮಾಧಾನ ಮಾಡಲು ಉಪಾಧ್ಯಕ್ಷನ ಟಿಕೆಟ್ ಆರ್ಥರ್‌ಗೆ. ನವೆಂಬರಿನಲ್ಲಿ ಇಬ್ಬರೂ ಗೆದ್ದರು.

1881ರ ಜನವರಿಯಲ್ಲಿ 104ನೇ ಸಭೆ ಸೇರಿದಾಗ ಒಂದು ಸೆನೆಟ್ ಸೀಟು ತುಂಬಬೇಕಿತ್ತು. ಅದು ಕಾಂಕ್ಲಿಂಗ್‌ನ ಬಂಟ ಥಾಮಸ್ ಪ್ಲಾಟ್‌ಗೆ ಸಿಕ್ಕಿತು. ಸುಮ್ನೆ ಸಿಗಲಿಲ್ಲ. ಹಾಫ್‌ಬ್ರೀಡ್ ಶಾಸಕರ ಬೆಂಬಲವೂ ಬೇಕಾಗಿತ್ತು. ಗಾರ್‌ಫೀಲ್ಡ್ ಯಾರನ್ನೇ ನೇಮಿಸಲಿ, ನಾನು ಅಡ್ಡ ಬರುವುದಿಲ್ಲ ಎಂದು ಪ್ಲಾಟ್ ಅವರಿಗೆ ಮಾತು ಕೊಟ್ಟ. ಕೊಡುವಾಗ ಮಾತು ಅಗ್ಗವಾಗಿಯೇ ಕಂಡಿರಬೇಕು. ಮಾರ್ಚ್ 23ರಂದು ಗಾರ್‌ಫೀಲ್ಡ್ ಕಲೆಕ್ಟರ್ ಹುದ್ದೆಗೆ ಕಳಿಸಿದ ಹೆಸರು ನೋಡಿದರೆ, ಶಿಕಾಗೊದಲ್ಲಿ ತಿರುಗಿಬಿದ್ದ ಅದೇ ರಾಬರ್ಟ್‌ಸನ್.

ಚಕ್ರದ ಕೀಲಿಗೇ ಕೈ ಹಾಕಿದಂತಾಯಿತು. ಕಾಂಕ್ಲಿಂಗ್ ಕೆಂಡವಾದ. ವಾಡಿಕೆ ನೆಚ್ಚಿಕೊಂಡು ಸೆನೆಟ್‌ನಲ್ಲಿ ತಡೆಯಲು ನೋಡಿದ. ಗಾರ್‌ಫೀಲ್ಡ್ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಉಳಿದ ನೇಮಕಗಳನ್ನೆಲ್ಲ ವಾಪಸ್ ಪಡೆದು ಈ ಒಂದನ್ನು ಮಾತ್ರ ಉಳಿಸಿದ. ಮೊದಲು ಇದು, ಆಮೇಲೆ ಉಳಿದದ್ದು ಅಂತ. ಪ್ಲಾಟ್ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಕಾಂಕ್ಲಿಂಗ್ ಕೈ ಬಿಡುವಂತಿಲ್ಲ, ಆಲ್ಬನಿಯಲ್ಲಿ ಕೊಟ್ಟ ಮಾತು ಮುರಿಯುವಂತಿಲ್ಲ. ರಾಜೀನಾಮೆಯ ಐಡಿಯಾ ಕೊಟ್ಟವನು ಅವನೇ. ಇಬ್ಬರೂ ಸೀಟು ಬಿಡೋಣ, ನಮ್ಮ ಶಾಸಕರು ನಮ್ಮನ್ನೇ ಮತ್ತೆ ಆರಿಸಿ ಕಳಿಸುತ್ತಾರೆ, ಆಗ ಅಧ್ಯಕ್ಷನ ಮುಖಭಂಗ ಆಗುತ್ತದೆ ಅನ್ನುವುದು ಲೆಕ್ಕಾಚಾರ. ಮೇ 16ರಂದು ಎರಡು ರಾಜೀನಾಮೆ ಪತ್ರಗಳು ಸೆನೆಟ್ ಮುಂದೆ ಬಂದವು. ಪೀಠದಲ್ಲಿ ಕೂತಿದ್ದವನು ಉಪಾಧ್ಯಕ್ಷ ಆರ್ಥರ್. ಎರಡೇ ದಿನಕ್ಕೆ ಸೆನೆಟ್ ರಾಬರ್ಟ್‌ಸನ್ ನೇಮಕಕ್ಕೆ ಸೀಲು ಒತ್ತಿತು. ಕಾಂಕ್ಲಿಂಗ್ ಹಿಂದೆಯೇ ಹೋಗುವವನೆಂದು ಪ್ಲಾಟ್‌ಗೆ ‘ನಾನೂ’ ಪ್ಲಾಟ್ ಅನ್ನುವ ಅಡ್ಡಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ವ್ಯಂಗ್ಯಚಿತ್ರ ಬರೆಯುವವರಿಗೆ ಹಬ್ಬ.

ಇನ್ನು ಆಲ್ಬನಿಗೆ ಬರೋಣ. ರಾಜ್ಯದ ಹೊಸ ಕ್ಯಾಪಿಟಲ್ ಕಟ್ಟಡ ಅರ್ಧಂಬರ್ಧ ಆಗಿತ್ತು. 1867ರಲ್ಲಿ ಶುರುವಾದ ಕೆಲಸ 1899ರವರೆಗೂ ಎಳೆಯಿತು. ಅಸೆಂಬ್ಲಿ 1879ರಲ್ಲಿ ಒಳಗೆ ಬಂದಿತ್ತು, ರಾಜ್ಯ ಸೆನೆಟ್ ತನ್ನ ಹೊಸ ಸಭಾಂಗಣಕ್ಕೆ ಕಾಲಿಟ್ಟದ್ದು ಇದೇ 1881ರಲ್ಲಿ. ಮೇ 31ರಂದು ವೋಟು ಶುರುವಾಯಿತು. ಸಭೆಯಲ್ಲಿ ಮೂರರಲ್ಲಿ ಎರಡು ಪಾಲು ರಿಪಬ್ಲಿಕನ್ನರೇ ಇದ್ದರೂ ಕಾಂಕ್ಲಿಂಗ್‌ಗೆ ನಲವತ್ತು ವೋಟೂ ಬೀಳಲಿಲ್ಲ. ಪ್ಲಾಟ್‌ಗೆ ಅದಕ್ಕಿಂತ ಕಡಿಮೆ. ಡೆಮಾಕ್ರಾಟರು ತಮ್ಮವರಿಗೆ ಹಾಕಿ ತಮಾಷೆ ನೋಡುತ್ತ ಕೂತರು. ಉಳಿದ ರಿಪಬ್ಲಿಕನ್ ವೋಟು ಹತ್ತಾರು ಹೆಸರಿಗೆ ಚದುರಿತು. ಮಾರನೆ ದಿನವೂ ಹಾಗೇ. ವಾರ ಕಳೆದರೂ ಹಾಗೇ. ಬ್ರಾಡ್ಲಿಯ ಎರಡು ಸಾವಿರ ಡಾಲರ್ ಪ್ರಕರಣ ಆದದ್ದು ಈ ನಡುವೆ.

ರಾಜಕೀಯ ನಡೆಯುತ್ತಿದ್ದದ್ದು ಡೆಲವನ್ ಹೌಸ್ ಹೋಟೆಲಿನಲ್ಲಿ. ಉಪಾಧ್ಯಕ್ಷ ಆರ್ಥರ್ ಕೂಡ ತನ್ನ ಹಳೆ ಧಣಿಯ ಪರವಾಗಿ ಶಾಸಕರ ಕೈಕಾಲು ಹಿಡಿಯಲು ಆಲ್ಬನಿಗೆ ಬಂದ. ಪತ್ರಿಕೆಗಳು ಅವನನ್ನು ಸರಿಯಾಗಿ ಝಾಡಿಸಿದವು. ದೇಶದ ಉಪಾಧ್ಯಕ್ಷ ತನ್ನದೇ ಅಧ್ಯಕ್ಷನ ವಿರುದ್ಧ ಲಾಬಿ ಮಾಡುವುದು ಅಂದರೆ ಸಣ್ಣ ಮಾತಾ? ಶಾಸಕರನ್ನು ಹೋಟೆಲಿನಲ್ಲಿ ಹಿಡಿದಿಡುವ ವಿದ್ಯೆ ನಮ್ಮ ರೆಸಾರ್ಟುಗಳಲ್ಲಿ ಹುಟ್ಟಿದ್ದು ಅಂದುಕೊಂಡಿದ್ದರೆ ಆ ಹೆಮ್ಮೆಯನ್ನೂ ಬಿಡಬೇಕಾಗುತ್ತದೆ. ಜೂನ್ ಕೊನೆಯ ಒಂದು ರಾತ್ರಿ ಪ್ಲಾಟ್ ವಿರೋಧಿಗಳು ಹೋಟೆಲಿನ ಓಣಿಯಲ್ಲಿ ಏಣಿ ಹಾಕಿದರು. ಅವನ ಕೋಣೆಯ ಬಾಗಿಲ ಮೇಲಿದ್ದ ಗಾಜಿನ ಕಿಂಡಿಯಿಂದ ಒಬ್ಬೊಬ್ಬರಾಗಿ ಇಣುಕಿದರು. ಒಳಗೆ ಅವನ ಜೊತೆ ಇದ್ದ ಹೆಂಗಸು ಅವನ ಹೆಂಡತಿ ಆಗಿರಲಿಲ್ಲ. ಜುಲೈ 1ರಂದು ಪ್ಲಾಟ್ ಕಣದಿಂದ ಹಿಂದೆ ಸರಿದ. ಮರ್ಯಾದೆ ಹೋದದ್ದು ಒಬ್ಬನದಾ, ಏಣಿ ಹತ್ತಿದವರದೂ ಹೋಯಿತಾ ಅನ್ನುವುದು ಬೇರೆ ಪ್ರಶ್ನೆ.

ಆ ಹಗರಣಕ್ಕೆ ಒಂದು ದಿನವೂ ಆಯುಸ್ಸು ಇರಲಿಲ್ಲ. ಜುಲೈ 2ರ ಬೆಳಗ್ಗೆ ವಾಷಿಂಗ್ಟನ್ ರೈಲು ನಿಲ್ದಾಣದಲ್ಲಿ ಚಾರ್ಲ್ಸ್ ಗಿಟೊ ಎಂಬವನು ಗಾರ್‌ಫೀಲ್ಡ್‌ಗೆ ಎರಡು ಗುಂಡು ಹೊಡೆದ. ಪ್ಯಾರಿಸ್‌ನಲ್ಲಿ ಕಾನ್ಸುಲ್ ಹುದ್ದೆ ಕೊಡಿ ಎಂದು ತಿಂಗಳುಗಟ್ಟಲೆ ಅಲೆದಿದ್ದ ತಲೆಕೆಟ್ಟ ಮನುಷ್ಯ. ತಾನು ಸ್ಟಾಲ್ವಾರ್ಟ್, ಇನ್ನು ಆರ್ಥರ್ ಅಧ್ಯಕ್ಷ ಆಗುತ್ತಾನೆ ಎಂದು ಹಿಡಿದವರ ಮುಂದೆ ಹೇಳಿಕೊಂಡ. ಆಲ್ಬನಿಯಿಂದ ರಾತ್ರಿ ಹಡಗಿನಲ್ಲಿ ಹೊರಟಿದ್ದ ಆರ್ಥರ್ ಮತ್ತು ಕಾಂಕ್ಲಿಂಗ್‌ಗೆ ಸುದ್ದಿ ಮುಟ್ಟಿದ್ದು ನ್ಯೂಯಾರ್ಕಿನಲ್ಲಿ ಇಳಿದಾಗ. ಈ ಕೃತ್ಯದಲ್ಲಿ ಇವರ ಕೈವಾಡ ಏನೂ ಇರಲಿಲ್ಲ. ಆದರೆ ಜನರ ಸಿಟ್ಟಿಗೆ ಅಷ್ಟೆಲ್ಲ ವಿವರ ಬೇಕಾ?

ಕಾಂಕ್ಲಿಂಗ್ ಹೆಸರು ಹೇಳಿ ಎದ್ದುನಿಲ್ಲುವುದು ಈಗ ಶಾಸಕರಿಗೆ ಕಷ್ಟವಾಯಿತು. ನವೆಂಬರ್ ಚುನಾವಣೆ ತಲೆ ಮೇಲಿತ್ತು. ಡಿಪ್ಯೂ ಕೂಡ ಹಿಂದೆ ಸರಿದು ದಾರಿ ಬಿಟ್ಟ. ಜುಲೈ 16ರಂದು, 48ನೇ ಸುತ್ತಿನಲ್ಲಿ, ಪ್ಲಾಟ್ ಸೀಟಿಗೆ ಕಾಗದ ಗಿರಣಿಯ ಧಣಿ ವಾರ್ನರ್ ಮಿಲ್ಲರ್ ಆಯ್ಕೆಯಾದ. ಜುಲೈ 22ರಂದು, 56ನೇ ಸುತ್ತಿನಲ್ಲಿ, ಕಾಂಕ್ಲಿಂಗ್ ಸೀಟಿಗೆ ಎಲ್ಬ್ರಿಡ್ಜ್ ಲ್ಯಾಪಮ್. ಮಾರನೆ ದಿನ 104ನೇ ಸಭೆ ಬಾಗಿಲು ಹಾಕಿತು.

ಗಾರ್‌ಫೀಲ್ಡ್ ಸೆಪ್ಟೆಂಬರ್ 19ರಂದು ತೀರಿಕೊಂಡ. ಅಧ್ಯಕ್ಷನಾದ ಆರ್ಥರ್ ಮುಂದೆ ಕಾಂಕ್ಲಿಂಗ್ ಒಂದೇ ಬೇಡಿಕೆ ಇಟ್ಟ, ರಾಬರ್ಟ್‌ಸನ್‌ನನ್ನು ತೆಗೆದುಹಾಕು ಅಂತ. ಆರ್ಥರ್ ಒಪ್ಪಲಿಲ್ಲ. ರಾಬರ್ಟ್‌ಸನ್ 1885ರವರೆಗೂ ಕಲೆಕ್ಟರ್ ಆಗಿ ಉಳಿದ. 1882ರಲ್ಲಿ ಕಾಂಕ್ಲಿಂಗ್‌ಗೆ ಸುಪ್ರೀಂ ಕೋರ್ಟ್ ನ್ಯಾಯಾಧೀಶನ ಹುದ್ದೆ ಕೊಟ್ಟರೆ, ಸೆನೆಟ್ ಒಪ್ಪಿದ ಮೇಲೂ ಅವನು ಬೇಡ ಎಂದ. 1883ರ ಜನವರಿಯಲ್ಲಿ ಪೆಂಡಲ್ಟನ್ ಕಾಯ್ದೆಗೆ ಸಹಿ ಹಾಕಿದವನು ಇದೇ ಆರ್ಥರ್. ಒಂದಷ್ಟು ಸರ್ಕಾರಿ ಕೆಲಸಗಳಿಗೆ ಪರೀಕ್ಷೆ ಬಂತು, ನೌಕರರಿಂದ ಪಕ್ಷದ ವಂತಿಗೆ ವಸೂಲಿಗೆ ಕಡಿವಾಣ ಬಿತ್ತು. ಅದೇ ವರ್ಷ ಇಂಥದೇ ಕಾನೂನು ಮಾಡಿದ ಮೊದಲ ರಾಜ್ಯ ನ್ಯೂಯಾರ್ಕ್. ಅಸೆಂಬ್ಲಿಯಲ್ಲಿ ಅದರ ಪರ ನಿಂತವರಲ್ಲಿ ಒಬ್ಬ, 1881ರ ನವೆಂಬರಿನಲ್ಲಿ ಮೊದಲ ಸಲ ಗೆದ್ದು ಬಂದ 23ರ ಹುಡುಗ ಥಿಯೋಡರ್ ರೂಸ್‌ವೆಲ್ಟ್.

ಹೀಗೆ ಚಕ್ರದ ಒಂದು ಅರೆಕಾಲು ಮುರಿಯಿತು. ಸೆನೆಟರ್‌ಗಳನ್ನು ಶಾಸಕರೇ ಆರಿಸುವ ಪದ್ಧತಿ ಮಾತ್ರ ಹಾಗೇ ಉಳಿಯಿತು. ನನ್ನ ಕೇಳಿದರೆ, ಪ್ಲಾಟ್‌ಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಸದ್ದಿಲ್ಲದೆ ಪಕ್ಷವನ್ನು ಮತ್ತೆ ಕೈಗೆ ತಗೊಂಡ, 1897ರಲ್ಲಿ ಅದೇ ಆಲ್ಬನಿಯಿಂದ ಆರಿಸಿ ಬಂದು ಎರಡು ಅವಧಿ ಸೆನೆಟ್‌ನಲ್ಲಿ ಕೂತ. ಬೇರೆ ರಾಜ್ಯಗಳ ಕತೆಯೂ ಚೆನ್ನಾಗಿರಲಿಲ್ಲ. ಶಾಸಕರು ಒಮ್ಮತಕ್ಕೆ ಬರದೆ ಡೆಲವೇರ್ 1901ರಿಂದ 1903ರವರೆಗೆ ಒಬ್ಬ ಸೆನೆಟರ್ ಕೂಡ ಇಲ್ಲದೆ ಕಳೆಯಿತು.

1911ರಲ್ಲಿ ಆಲ್ಬನಿಯಲ್ಲಿ ಮತ್ತೆ ಅದೇ ಗೋಳು, ಈ ಸಲ ಡೆಮಾಕ್ರಾಟರ ಮನೆಯಲ್ಲಿ. ನ್ಯೂಯಾರ್ಕ್ ನಗರದಲ್ಲಿ ಆ ಪಕ್ಷವನ್ನು ಆಳುತ್ತಿದ್ದ ಕೂಟ ಟ್ಯಾಮನಿ ಹಾಲ್ ಹೇಳಿದ ವಿಲಿಯಂ ಶೀಹನ್ ನಮಗೆ ಬೇಡ ಎಂದು ಒಂದು ಗುಂಪು ತಿರುಗಿಬಿತ್ತು. ಮುಂದಾಳು ಹೊಸ ರಾಜ್ಯ ಸೆನೆಟರ್ ಫ್ರಾಂಕ್ಲಿನ್ ರೂಸ್‌ವೆಲ್ಟ್. ಜನವರಿಯಿಂದ ಮಾರ್ಚ್‌ವರೆಗೆ ವೋಟಿನ ಮೇಲೆ ವೋಟು. ಮಾರ್ಚ್ 29ರಂದು ಕ್ಯಾಪಿಟಲ್‌ಗೆ ಬೆಂಕಿ ಬಿದ್ದು ರಾಜ್ಯ ಗ್ರಂಥಾಲಯ ಸುಟ್ಟುಹೋಯಿತು. ಎರಡು ದಿನ ಬಿಟ್ಟು ಜೇಮ್ಸ್ ಓಗಾರ್ಮನ್ ಎಂಬ ನ್ಯಾಯಾಧೀಶನನ್ನು ಆರಿಸಿ ಎಲ್ಲರೂ ಕೈತೊಳೆದುಕೊಂಡರು.

1913ರ ಏಪ್ರಿಲ್‌ನಲ್ಲಿ 17ನೇ ತಿದ್ದುಪಡಿ ಬಂದು ಸೆನೆಟರ್ ಆಯ್ಕೆ ನೇರ ಜನರ ಕೈಗೆ ಹೋಯಿತು. ಅಸೆಂಬ್ಲಿಯವರ ಒಂದು ವರ್ಷದ ಅವಧಿ ಎರಡಾಗಲು 1938ರವರೆಗೆ ಕಾಯಬೇಕಾಯಿತು. 1914ರ ನವೆಂಬರಿನಲ್ಲಿ ನ್ಯೂಯಾರ್ಕಿನ ಜನ ಮೊದಲ ಬಾರಿಗೆ ತಾವೇ ವೋಟು ಹಾಕಿ ಒಬ್ಬ ಸೆನೆಟರ್‌ನನ್ನು ಆರಿಸಿದರು. ಗೆದ್ದವನು ಜೇಮ್ಸ್ ವಾಡ್ಸ್‌ವರ್ತ್, ಆಲ್ಬನಿ ಅಸೆಂಬ್ಲಿಯ ಮಾಜಿ ಸ್ಪೀಕರ್.