ಸೆಲ್ಫ್ ತಗೊಳ್ತಿಲ್ಲ ಅಂದ ಕೂಡಲೇ ಮೋಟರ್ ಬಿಚ್ಚಬೇಡಿ

ವರ್ಕ್‌ಶಾಪಿಗೆ ಬರುವ ಬುಲೆಟ್ ಮಾಲೀಕರ ದೂರು ಹೆಚ್ಚಾಗಿ ಹೀಗೇ ಶುರುವಾಗುತ್ತದೆ: "ಅಣ್ಣಾ, ಸೆಲ್ಫ್ ತಗೊಳ್ತಿಲ್ಲ. ಮೋಟರ್ ಹೋಗಿದೆಯಂತೆ, ಹೊಸದು ಹಾಕ್ಬಿಡಿ." ನಾನು ಸ್ಪ್ಯಾನರ್ ಮುಟ್ಟುವುದಿಲ್ಲ. ಮೊದಲು ಬಟನ್ ಒತ್ತಿ, ಸದ್ದು ಕೇಳೋಣ ಅನ್ನುತ್ತೇನೆ. ಅರ್ಧ ರೋಗ ಆ ಸದ್ದಿನಲ್ಲೇ ಗೊತ್ತಾಗುತ್ತದೆ.

ನಾನು ಹೇಳುತ್ತಿರುವುದು 2009ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಥರದ, 346 ಸಿಸಿ ಯುಸಿಇ ಎಂಜಿನ್ (ಎಂಜಿನ್, ಗೇರ್‌ಬಾಕ್ಸ್ ಎರಡೂ ಒಂದೇ ಕೇಸ್‌ನಲ್ಲಿರುವ ಎಂಜಿನ್) ಗಾಡಿಗಳ ಬಗ್ಗೆ. ಕಿಕ್ಕೂ ಇದೆ, ಸೆಲ್ಫೂ ಇದೆ. ಅವುಗಳಲ್ಲಿ ಎಷ್ಟೋ ಗಾಡಿಗಳಿಗೆ ಈಗ ಹತ್ತು ವರ್ಷ ದಾಟಿದೆ. ವೈರಿಂಗ್‌ಗೆ ತುಕ್ಕು ಹಿಡಿಯುವ ವಯಸ್ಸು.

ಬಟನ್ ಒತ್ತಿದರೆ ಏನೂ ಸದ್ದಿಲ್ಲವಾ? ಕಿಲ್ ಸ್ವಿಚ್, ಫ್ಯೂಸ್, ಹ್ಯಾಂಡಲ್‌ನ ಬಟನ್, ರಿಲೇಗೆ (ಬಟನ್ ಒತ್ತಿದಾಗ ಮೋಟರ್‌ಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್) ಹೋಗುವ ಸಣ್ಣ ವೈರ್‌ಗಳನ್ನು ನೋಡಿ. ಮಳೆ ಜಾಸ್ತಿ ಇರುವ ಕಡೆಯಿಂದ ಬಂದ ಗಾಡಿಯಾದರೆ ಬಟನ್ ಒಳಗಿನ ಕಾಂಟ್ಯಾಕ್ಟ್ ಹಸಿರು ಕಟ್ಟಿರುತ್ತದೆ. ಟಕ್ ಟಕ್ ಟಕ್ ಅಂತ ರಿಲೇ ಬಡಿದುಕೊಂಡರೆ ಬ್ಯಾಟರಿ ಸೋತಿದೆ, ಇಲ್ಲವೇ ಅದರ ಕ್ಲಾಂಪ್ ಸಡಿಲ. ಒಂದೇ ಸಲ 'ಟಕ್' ಅಂದು ಸುಮ್ಮನಾದರೆ ದಪ್ಪ ಕೇಬಲ್, ರಿಲೇಯ ಒಳಗಿನ ತಾಮ್ರ ಅಥವಾ ಮೋಟರ್ ಮೇಲೆ ಅನುಮಾನ. ಮೋಟರ್ ಜುಯ್ ಅಂತ ತಿರುಗಿಯೂ ಎಂಜಿನ್ ಅಲುಗದಿದ್ದರೆ ಅದು ಸ್ಪ್ರಾಗ್ ಕ್ಲಚ್. ಅದರ ವಿಷಯ ಆಮೇಲೆ.

ಯಾವ ಸದ್ದು ಬಂದರೂ ಬ್ಯಾಟರಿಯಿಂದಲೇ ಶುರು ಮಾಡಿ. ಗಾಡಿ ಒಂದು ರಾತ್ರಿ ನಿಂತ ಮೇಲೆ ಮೀಟರ್ ಇಟ್ಟರೆ 12.6 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿ ಬರಬೇಕು. 12.2 ಬಂದರೆ ಹೆಚ್ಚುಕಮ್ಮಿ ಅರ್ಧ ಚಾರ್ಜ್ ಅಷ್ಟೇ. ಆದರೆ ನಿಂತಿರುವಾಗಿನ ವೋಲ್ಟೇಜ್ ನಂಬಿ ಕೂರಬೇಡಿ. ಬಟನ್ ಒತ್ತಿ ಹಿಡಿದುಕೊಂಡೇ ಮೀಟರ್ ನೋಡಿ. 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಮತ್ತೆ ನೋಡಿ. ಆಗಲೂ ಇಳಿದರೆ ಬದಲಾಯಿಸಿ. ಈ ಗಾಡಿಗೆ 14 ಆಂಪಿಯರ್ ಅವರ್ ಬ್ಯಾಟರಿ ಬೇಕು. ಒಂದಿಷ್ಟು ದುಡ್ಡು ಉಳಿಯುತ್ತದೆ ಅಂತ 9ರದ್ದು ಹಾಕಿಸಿಕೊಂಡವರನ್ನು ನೋಡಿದ್ದೇನೆ. ಹಾರ್ನ್ ಹೊಡೆಯುತ್ತೆ, ಲೈಟ್ ಉರಿಯುತ್ತೆ, ಸೆಲ್ಫ್ ಮಾತ್ರ ಏದುಸಿರು ಬಿಡುತ್ತದೆ.

ಬ್ಯಾಟರಿ ಸರಿಯಿದ್ದೂ ಮೋಟರ್ ನಿಧಾನ ತಿರುಗುತ್ತದೆ ಅನ್ನಿ. ತುಂಬಾ ಜನ ಇಲ್ಲಿಗೇ ಮೋಟರ್ ಬಿಚ್ಚುತ್ತಾರೆ. ಬೇಡ. ಎಂಜಿನ್ ತಿರುಗಿಸುವ ಹೊತ್ತಿಗೆ ಮೋಟರ್ 100 ಆಂಪಿಯರ್ ಹತ್ತಿರ ಎಳೆಯುತ್ತದೆ. ಆ ದಾರಿಯಲ್ಲಿ ಎಲ್ಲೋ ಒಂದು ಕಡೆ 0.02 ಓಮ್ ತಡೆ ಇದ್ದರೂ ಸಾಕು, 2 ವೋಲ್ಟ್ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಟೆಸ್ಟ್ ಲ್ಯಾಂಪ್ ಇದನ್ನು ತೋರಿಸುವುದಿಲ್ಲ. ಕೇಬಲ್‌ನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಬಲ್ಬ್ ಚೆನ್ನಾಗೇ ಉರಿಯುತ್ತದೆ. ಮೀಟರ್‌ನಲ್ಲಿ ಓಮ್ ಇಟ್ಟು ನೋಡಿದರೂ ಅಷ್ಟೇ, ಸೊನ್ನೆ ತೋರಿಸಿ ಮೋಸ ಮಾಡುತ್ತದೆ.

ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಎರಡೂ ಸ್ಪಾರ್ಕ್ ಪ್ಲಗ್‌ಗಳ ಕ್ಯಾಪ್ ತೆಗೆದು, ಒಂದೊಂದಕ್ಕೂ ಬೇರೆ ಪ್ಲಗ್ ಸಿಕ್ಕಿಸಿ, ಆ ಪ್ಲಗ್‌ಗಳು ಎಂಜಿನ್ ಲೋಹಕ್ಕೆ ತಾಗುವಂತೆ ಇಡಿ. ಆಗ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಮೀಟರನ್ನು ಡಿಸಿ 20 ವೋಲ್ಟ್‌ಗೆ ಹಾಕಿ. ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ ಮೇಲೆ. ಕ್ಲಾಂಪ್ ಮೇಲಲ್ಲ, ಟರ್ಮಿನಲ್ ಮೇಲೆಯೇ. ಇನ್ನೊಂದು ಮೋಟರ್‌ನಲ್ಲಿ ದಪ್ಪ ಕೇಬಲ್ ಕೂರುವ ಬೋಲ್ಟ್ ಮೇಲೆ. ಬಟನ್ ಒತ್ತಿ. ಅರ್ಧ ವೋಲ್ಟ್ ಒಳಗಿದ್ದರೆ ಪರವಾಗಿಲ್ಲ. ಜಾಸ್ತಿ ಬಂದರೆ ಕಡ್ಡಿಯನ್ನು ಒಂದೊಂದೇ ಜಾಯಿಂಟ್ ಹಿಂದಕ್ಕೆ ತನ್ನಿ. ಎಲ್ಲಿ ಅಂಕಿ ಧಡಕ್ಕನೆ ಇಳಿಯುತ್ತದೋ ಆ ಜಾಯಿಂಟೇ ಕಳ್ಳ. ಆಮೇಲೆ ನೆಗೆಟಿವ್ ಟರ್ಮಿನಲ್‌ನಿಂದ ಮೋಟರ್ ಬಾಡಿಗೆ ಇದೇ ರೀತಿ ನೋಡಿ. ಅಲ್ಲಿ 0.2 ವೋಲ್ಟ್ ದಾಟಬಾರದು.

ಈ ಎರಡನೇ ಅಳತೆಯನ್ನು ಯಾರೂ ಮಾಡುವುದಿಲ್ಲ, ತಪ್ಪು ಜಾಸ್ತಿ ಸಿಗುವುದೂ ಅಲ್ಲೇ. ಫ್ರೇಮ್‌ಗೆ ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸಿದ ಒಂದು ಕ್ಲಾಸಿಕ್ ಬಂದಿತ್ತು. ಕನ್ನಡಿ ಥರ ಹೊಳೆಯುತ್ತಿದ್ದ ಗಾಡಿ. ಹೊಸ ಬ್ಯಾಟರಿ, ಹೊಸ ರಿಲೇ, ಹೊಸ ಮೋಟರ್ ಎಲ್ಲ ಬೇರೆ ಕಡೆ ಹಾಕಿಸಿ ಆಗಿತ್ತು. ಸೆಲ್ಫ್ ಮಾತ್ರ ನರಳುತ್ತಿತ್ತು. ಅರ್ತಿಂಗ್ ಕಡೆ ಮೀಟರ್ ಇಟ್ಟರೆ 2 ವೋಲ್ಟ್ ಮೇಲೆ ಬಂತು. ಬೋಲ್ಟ್ ಬಿಚ್ಚಿ ನೋಡಿದರೆ ಲಗ್ (ಕೇಬಲ್ ತುದಿಯ ಲೋಹದ ಬಳೆ) ಕೂತಿದ್ದದ್ದು ಕರೆಂಟ್ ಹರಿಯದ ಪೌಡರ್ ಕೋಟಿಂಗ್ ಮೇಲೆ! ಕರೆಂಟ್ ಬರೀ ಬೋಲ್ಟ್‌ನ ಥ್ರೆಡ್‌ನಿಂದ ನುಸುಳುತ್ತಿತ್ತು. ಒಂದು ರೂಪಾಯಿ ನಾಣ್ಯದಷ್ಟು ಜಾಗ ಕೆರೆದು ಲೋಹ ಕಾಣುವಂತೆ ಮಾಡಿ, ಲಗ್ ಬಿಗಿದು, ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಒಂದೇ ಒತ್ತಿಗೆ ಎದ್ದಿತು. ಆ ಹುಡುಗ ಅಷ್ಟೊಂದು ದುಡ್ಡು ಸುಮ್ನೆ ಸುರಿದಿದ್ದ, ಹೊಟ್ಟೆ ಉರಿಯಿತು ನನಗೆ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಮೋಟರ್ ಬಿಚ್ಚಿ. ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ. ಬಾಡಿ ಮತ್ತು ಎರಡೂ ಮುಚ್ಚಳಗಳ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದುಕೊಳ್ಳಿ. ಆರ್ಮೇಚರ್ (ಮೋಟರ್ ಒಳಗೆ ತಿರುಗುವ ಭಾಗ) ತುದಿಯ ತೆಳು ವಾಷರ್‌ಗಳು ಯಾವ ಕಡೆ ಎಷ್ಟಿದ್ದವು ಅಂತ ಫೋಟೋ ಹೊಡೆದಿಡಿ. ಬಾಡಿಗೆ ಸುತ್ತಿಗೆ ತಾಗಿಸಲೇಬೇಡಿ, ಒಳಗೆ ಅಂಟಿಸಿರುವ ಮ್ಯಾಗ್ನೆಟ್ ಸೀಳುತ್ತದೆ. ಸವೆದ ಕಾರ್ಬನ್ ಬ್ರಷ್ ಬದಲಿಸಿ. ಬ್ರಷ್ ತಾಗುವ ತಾಮ್ರದ ಪಟ್ಟಿಗಳ ಕಮ್ಯುಟೇಟರ್ ಕಪ್ಪಾಗಿದ್ದರೆ ನಯವಾದ ಸ್ಯಾಂಡ್ ಪೇಪರ್‌ನಿಂದ ಉಜ್ಜಿ. ಎಮರಿ ಪೇಪರ್ ಬೇಡ. ತಾಮ್ರದ ಪಟ್ಟಿಗಳ ನಡುವಿನ ಸಂದಿಯಲ್ಲಿ ಕೂತ ಕಾರ್ಬನ್ ಪುಡಿಯನ್ನೂ ಕೆರೆದು ತೆಗೆಯಬೇಕು. ಕೊನೆಗೆ ಪ್ರತಿ ಪಟ್ಟಿಗೂ ಶಾಫ್ಟ್‌ಗೂ ಮೀಟರ್ ಇಡಿ. ಎಲ್ಲಾದರೂ ಬೀಪ್ ಅಂದರೆ ಆರ್ಮೇಚರ್ ಶಾರ್ಟ್ ಆಗಿದೆ, ಆಗ ಹೊಸದೇ ಗತಿ.

ಈಗ ಸ್ಪ್ರಾಗ್. ಸೈಕಲ್‌ನ ಫ್ರೀವೀಲ್ ಥರ, ಒಂದು ಕಡೆಗೆ ಮಾತ್ರ ಹಿಡಿದುಕೊಳ್ಳುವ ಕ್ಲಚ್ ಇದು. ಎಡಗಡೆ ಕವರ್ ಒಳಗಿರುತ್ತದೆ. ಎರಡು ಉಕ್ಕಿನ ಬಳೆಗಳ ನಡುವೆ ಸಣ್ಣ ಸಣ್ಣ ಓರೆ ತುಂಡುಗಳು, ಅವನ್ನು ಒತ್ತಿ ಹಿಡಿಯುವ ಒಂದು ಸ್ಪ್ರಿಂಗ್. ಮೋಟರ್ ತಿರುಗಿದಾಗ ತುಂಡುಗಳು ಎದ್ದು ನಿಂತು ಎರಡೂ ಬಳೆಗಳನ್ನು ಬಿಗಿಯುತ್ತವೆ. ಎಂಜಿನ್ ಸ್ಟಾರ್ಟ್ ಆದ ಮೇಲೆ ವಾಲಿ ಬಿಟ್ಟುಬಿಡುತ್ತವೆ.

ಇದನ್ನು ಒಡೆಯುವುದು ಹೆಚ್ಚಾಗಿ ಸೋತ ಬ್ಯಾಟರಿಯೇ. ಬುಲೆಟ್‌ನ ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 90 ಮಿಲಿಮೀಟರ್, ಇರುವುದು ಒಂದೇ ಸಿಲಿಂಡರ್, ಸಾಲದ್ದಕ್ಕೆ ಭಾರದ ಫ್ಲೈವೀಲ್. ಕ್ರ್ಯಾಂಕ್ ನಿಧಾನ ತಿರುಗಿದರೆ ಪಿಸ್ಟನ್ ಮೇಲಿನ ತುದಿ ದಾಟುವ ಮೊದಲೇ ಕಿಡಿ ಹೊತ್ತಿ, ಅದನ್ನು ಹಿಂದಕ್ಕೆ ಒದೆಯುತ್ತದೆ. ಆ ಬ್ಯಾಕ್ ಕಿಕ್ ಬಿಗಿದು ನಿಂತಿರುವ ಸ್ಪ್ರಾಗ್ ಮೇಲೆ ಬೀಳುತ್ತದೆ. 'ಕಟಾರ್' ಅನ್ನೋ ಆ ಸದ್ದು ಕೇಳಿಸಿದರೆ ಮತ್ತೆ ಬಟನ್ ಮುಟ್ಟಬೇಡಿ. ಅವತ್ತಿಗೆ ಕಿಕ್ ಹೊಡೆದು ಮನೆಗೆ ಹೋಗಿ, ಬ್ಯಾಟರಿ ಚಾರ್ಜಿಗೆ ಹಾಕಿ. ಒತ್ತುತ್ತಾ ಹೋದ ಹಾಗೆ ತುಂಡುಗಳು ಸೀಳಿ, ಬಳೆಯಲ್ಲಿ ಗಾಯ ಬೀಳುತ್ತದೆ.

ಇದು ನಮ್ಮ ಬುಲೆಟ್‌ಗೆ ಮಾತ್ರ ಬಂದ ಕಾಯಿಲೆಯಲ್ಲ. ಬ್ರಿಟನ್ನಿನ ನಾರ್ಟನ್ ಕಮಾಂಡೋ 850 ಮಾರ್ಕ್ 3ಗೆ 1975ರಲ್ಲಿ ಸೆಲ್ಫ್ ಕೊಟ್ಟರು. ಅದು ಸ್ಟಾರ್ಟರ್ ಅಲ್ಲ, ಕಿಕ್‌ಗೆ ಸಹಾಯ ಮಾಡುವ ಸಾಧನ ಅಂತ ಅಲ್ಲಿನ ಸವಾರರೇ ಬೇಜಾರು ಮಾಡಿಕೊಂಡರು. ಅಲ್ಲಿನ ಮೆಕ್ಯಾನಿಕ್‌ಗಳು ಕಂಡುಕೊಂಡ ದಾರಿ ದಪ್ಪ ಕೇಬಲ್, ಒಳ್ಳೆ ಅರ್ತಿಂಗ್, ಮೋಟರ್‌ಗೆ ಎರಡರ ಬದಲು ನಾಲ್ಕು ಬ್ರಷ್. ಎಲ್ಲವೂ ಮೋಟರ್‌ಗೆ ಕರೆಂಟ್ ಸರಾಗವಾಗಿ ಮುಟ್ಟಿಸುವ ಕೆಲಸವೇ, ಅಲ್ವಾ?

ಸ್ಪ್ರಾಗ್ ಒಡೆದೇ ಹೋಗಿದ್ದರೆ ಹೊಸದು ಹಾಕಿ ಕವರ್ ಮುಚ್ಚಿಬಿಡಬೇಡಿ. ಯುಸಿಇಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಎಲ್ಲಕ್ಕೂ ಒಂದೇ ಆಯಿಲ್. ಒಡೆದ ಚೂರುಗಳನ್ನು ಹಳೆ ಸ್ಪ್ರಾಗ್ ಪಕ್ಕ ಜೋಡಿಸಿಟ್ಟು ಎಣಿಸಿ. ಒಂದು ಕಮ್ಮಿ ಬಂದರೂ ಕೇಸ್ ಒಳಗೆ ಮ್ಯಾಗ್ನೆಟ್ ಆಡಿಸಿ ಹುಡುಕಿ. ಬಳೆಯ ಮೈ ಮೇಲೆ ಉಗುರು ಎಳೆದು ನೋಡಿ, ಗೆರೆ ಸಿಕ್ಕರೆ ಅದನ್ನೂ ಬದಲಿಸಿ. ಇಲ್ಲದಿದ್ದರೆ ಹೊಸ ಸ್ಪ್ರಾಗೂ ಜಾರುತ್ತದೆ. ಆಯಿಲ್ ಸೋಸುವ ಸ್ಟ್ರೈನರ್ ತೊಳೆದು, ಹೊಸ ಫಿಲ್ಟರ್ ಹಾಕಿ, 15ಡಬ್ಲ್ಯು 50 ಆಯಿಲ್ ತುಂಬಿದ ಮೇಲೆ ಮೊದಲ ಸಲ ಕಿಕ್‌ನಲ್ಲೇ ಸ್ಟಾರ್ಟ್ ಮಾಡಿ. ಎಂಜಿನ್ ಸ್ವಲ್ಪ ಬಿಸಿಯಾದ ಮೇಲೆ ಆಫ್ ಮಾಡಿ, ಆಮೇಲೆ ಸೆಲ್ಫ್ ಒತ್ತಿ.