ಬೆಳ್ಳಿ ಫ್ರೇಮಿನೊಳಗೆ ಇನ್ನೊಂದು ಬೆಳ್ಳಿ

ಬ್ರಿಟನ್ನಿನ ರಾಜರು ತಮ್ಮ ಫೋಟೋಗೆ ಸೈನ್ ಹಾಕಿ, ಬೆಳ್ಳಿದೋ ಚರ್ಮದ್ದೋ ಕಟ್ಟು ಹಾಕಿಸಿ, ರಾಯಭಾರಿಗಳಿಗೆ, ಸಂಸ್ಥಾನಗಳ ಮಹಾರಾಜರಿಗೆ, ವರ್ಷಗಟ್ಟಲೆ ಚಾಕರಿ ಮಾಡಿದ ಅರಮನೆಯವರಿಗೆ ಉಡುಗೊರೆ ಕೊಡ್ತಿದ್ರು. ಫ್ರೇಮಿನ ಮೇಲ್ಗಡೆ ಪುಟಾಣಿ ಕಿರೀಟ, ಫೋಟೋ ಕೆಳಗೆ ರಟ್ಟಿನ ಮೇಲೆ ಇಂಕಲ್ಲಿ ಹೆಸರು. ಐದನೇ ಜಾರ್ಜ್, ರಾಣಿ ಮೇರಿ ಕಾಲದ ಇಂಥವು ಇವತ್ತಿಗೂ ಹರಾಜಿಗೆ ಬರ್ತಾನೇ ಇರ್ತವೆ. ಎಲ್ರೂ ನೋಡೋದು ಕಿರೀಟ, ಸೈನು, ಆಮೇಲೆ ರೇಟು. ನಂಗೆ ಮಾತ್ರ ಮೊದ್ಲು ಕಣ್ಣಿಗೆ ಬೀಳೋದು ಮೂಲೆಲಿ ಕಟ್ಟಿರೋ ಕಪ್ಪು, ಹಬ್ಬದ ಹಿಂದಿನ ದಿನ ಅಜ್ಜಿ ವಿಭೂತಿ ಹಚ್ಚಿ ಬೆಳ್ಳಿ ದೀಪ ತಿಕ್ತಿದ್ರಲ್ಲ, ಅದೇ ಕಪ್ಪು.

ಅದು ಕೊಳೆ ಅಲ್ಲ, ತುಕ್ಕೂ ಅಲ್ಲ. ಗಾಳಿಯಲ್ಲಿ ಲೆಕ್ಕಕ್ಕೇ ಇಲ್ಲದಷ್ಟು ಕಮ್ಮಿ ಇರೋ ಗಂಧಕದ ಅನಿಲಗಳು, ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್, ಬೆಳ್ಳಿ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತೆ. ಪದರ ತೆಳು ಇದ್ದಾಗ ಹಳದಿ, ಸ್ವಲ್ಪ ದಪ್ಪ ಆದ್ರೆ ಕಂದು, ನೀಲಿ, ಕೊನೆಗೆ ಕಪ್ಪು. ಇಂಥ ಫ್ರೇಮುಗಳ ಸ್ಟರ್ಲಿಂಗ್ ಬೆಳ್ಳಿ ಅಂದ್ರೆ ಸಾವಿರಕ್ಕೆ 925 ಭಾಗ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ, ಅದೂ ಗಂಧಕಕ್ಕೆ ಸಿಕ್ಕಿ ಕಪ್ಪಾಗೋದೇ. ಫ್ರೇಮಿನ ಹಿಂದೆ ಉಣ್ಣೆ ಬಟ್ಟೆನೋ ರಬ್ಬರೋ ಇದ್ರಂತೂ ಮುಗೀತು, ಎರಡ್ರಲ್ಲೂ ಗಂಧಕ ಇರುತ್ತೆ.

ಇಷ್ಟು ಸುಮಾರು ಜನಕ್ಕೆ ಗೊತ್ತು. ಆದ್ರೆ ಗಾಜಿನ ಒಳಗಿರೋ ರಾಜನ ಚಿತ್ರನೂ ಬೆಳ್ಳಿನೇ ಅನ್ನೋದು ಹೊಳೆಯೋದು ಕಮ್ಮಿ. ಆ ಕಾಲದ ಕಪ್ಪು-ಬಿಳುಪು ಫೋಟೋ ಅಂದ್ರೆ ಕಾಗದ, ಅದರ ಮೇಲೆ ಬೇರಿಯಂ ಸಲ್ಫೇಟಿನ ಬಿಳಿ ಪದರ, ಅದರ ಮೇಲೆ ಜೆಲಾಟಿನ್, ಆ ಜೆಲಾಟಿನ್ ಒಳಗೆ ಸಿಕ್ಕುಸಿಕ್ಕಾದ ದಾರದ ಥರ ಬೆಳ್ಳಿಯ ಸೂಕ್ಷ್ಮ ಎಳೆಗಳು. ತಟ್ಟೆ ಆಗಿದ್ರೆ ಹೊಳೆಯೋ ಬೆಳ್ಳಿ ಇಷ್ಟು ಸಣ್ಣ ಎಳೆ ಆದಾಗ ಬೆಳಕನ್ನ ವಾಪಸ್ ಕೊಡದೆ ನುಂಗುತ್ತೆ, ಅದಕ್ಕೇ ರಾಜನ ಕೋಟು ಕಪ್ಪು. ಫ್ರೇಮಿನ ತಗಡು ದಪ್ಪ, ಮೇಲಿನ ಚೂರು ಹೋದ್ರೂ ಒಳಗೆ ಬೇಕಾದಷ್ಟಿದೆ. ಈ ಎಳೆಗಳಿಗೆ ಒಳಗು ಅನ್ನೋದೇ ಇಲ್ಲ, ಬರೀ ಮೈ. ಕಳಪೆ ರಟ್ಟು, ಹೊಸ ಪೇಂಟು ಬಿಡೋ ಆವಿ ತಾಗಿದ್ರೆ ಬೆಳ್ಳಿ ಅಯಾನ್ ಆಗಿ, ತೇವ ಇರೋ ಜೆಲಾಟಿನ್ ಒಳಗಿಂದ ತೆವಳಿಕೊಂಡು ಮೇಲಕ್ಕೆ ಬಂದು ಅಲ್ಲಿ ಮತ್ತೆ ಲೋಹವಾಗಿನೋ ಸಲ್ಫೈಡ್ ಆಗಿನೋ ಕೂರುತ್ತೆ. ಹಳೇ ಫೋಟೋನ ಓರೆಯಾಗಿ ಹಿಡಿದು ನೋಡಿ, ಅಂಚಲ್ಲಿ, ಕಪ್ಪು ಜಾಸ್ತಿ ಇರೋ ಕಡೆ ನೀಲಿ ಕನ್ನಡಿ ಥರ ಮಿಂಚಿದ್ರೆ ಇದೇ.

ಅಂದ್ರೆ ಹೊರಗಿನ ಬೆಳ್ಳಿಗೂ ಒಳಗಿನ ಬೆಳ್ಳಿಗೂ ಗಂಧಕ ಒಂದೇ ಶತ್ರು, ಆದ್ರೆ ಹೊರಗಿನದನ್ನ ತಿಕ್ಕಬಹುದು, ಒಳಗಿನದನ್ನ ಆಗಲ್ಲ. (ಎಲ್ಲ ಹಳೇ ಫೋಟೋನೂ ಬೆಳ್ಳಿದಲ್ಲ, ಪ್ಲಾಟಿನಂ ಪ್ರಿಂಟೂ ಇದ್ವು, ಅದಕ್ಕೆ ಗಂಧಕ ಏನೂ ಮಾಡಲ್ಲ, ಬದಲಿಗೆ ಎದುರಿಗೆ ಒತ್ತಿಕೊಂಡಿರೋ ಕಾಗದದ ಮೇಲೆ ಆ ಚಿತ್ರದ ಮಸುಕು ನೆರಳು ಮೂಡುತ್ತೆ, ನೋಡಿದ್ರೆ ದೆವ್ವದ ಥರಾನೇ.) ತಿಕ್ಕೋದ್ರಲ್ಲೂ ತೊಂದರೆ ಇದೆ. ತಿಕ್ಕಿದಷ್ಟೂ ಬೆಳ್ಳಿ ಹೋಗುತ್ತೆ, ಸ್ಟರ್ಲಿಂಗ್ ಅಂತ ಹೇಳೋ ಎಡಕ್ಕೆ ನಡೆಯೋ ಸಿಂಹ, ಪರೀಕ್ಷೆ ಮಾಡಿದ ಊರು ಬರ್ಮಿಂಗ್‌ಹ್ಯಾಮ್ ಅಂತ ಹೇಳೋ ಲಂಗರು, ಯಾವ ವರ್ಷ ಅಂತ ಹೇಳೋ ಅಕ್ಷರ, ಈ ಮುದ್ರೆಗಳೆಲ್ಲ ಸವೆದು ಹೋಗ್ತವೆ. ಅಲ್ಯೂಮಿನಿಯಂ ಫಾಯಿಲ್, ಸೋಡಾ, ಬಿಸಿನೀರಲ್ಲಿ ಮುಳುಗಿಸೋ ಉಪಾಯ ಚಮಚಕ್ಕೆ ಸರಿ, ಹಿಂದೆ ಮರ, ಮಖಮಲ್ಲು ಇರೋ ಫ್ರೇಮಿಗೆ ದಯವಿಟ್ಟು ಬೇಡ. ನೀರು ಒಳಗಿಳಿದ್ರೆ ಜೆಲಾಟಿನ್ ಉಬ್ಬಿ ಗಾಜಿಗೆ ಅಂಟಿಕೊಳ್ಳುತ್ತೆ, ಎಳೆದ್ರೆ ರಾಜನ ಮುಖ ಗಾಜಿನ ಜೊತೆಗೇ ಬರುತ್ತೆ. ಮಳೆಗಾಲದ ತೇವ ಸಾಕು ಅದಕ್ಕೆ.

ಇನ್ನು ಸೈನು. ಅದು ಬೆಳ್ಳಿ ಅಲ್ಲ, ಬಹಳಷ್ಟು ಸಲ ಕಬ್ಬಿಣ. ಬಾಣಂತಿ ಮನೆಲಿ ಮಗುಗೆ ತೇಯ್ದು ನೆಕ್ಕಿಸೋ ಮಾಚಿಕಾಯಿ ಗೊತ್ತಲ್ಲ, ಓಕ್ ಮರದಲ್ಲಿ ಹುಳ ಮೊಟ್ಟೆ ಇಟ್ಟಾಗ ಬೆಳೆಯೋ ಗಂಟು ಅದು. ಅದರ ಒಗರು ರಸಕ್ಕೆ ಅನ್ನಭೇದಿ, ಅಂದ್ರೆ ಫೆರಸ್ ಸಲ್ಫೇಟ್ ಹಾಕಿದ್ರೆ ಯುರೋಪು ನೂರಾರು ವರ್ಷ ಬರೆದ ಇಂಕು ರೆಡಿ. ಬರೆದಾಗ ತೀರಾ ತಿಳಿ, ಗಾಳಿ ತಾಗ್ತಾ ತಾಗ್ತಾ ಕಪ್ಪಾಗುತ್ತೆ, ಬರೆಯೋವಾಗ್ಲೇ ಕಾಣ್ಲಿ ಅಂತ ಆಮೇಲೆ ನೀಲಿ ಬಣ್ಣ ಸೇರಿಸಿ ಬ್ಲೂ-ಬ್ಲ್ಯಾಕ್ ಅಂದ್ರು. ಬೆಳಕಿಗೆ ಆ ನೀಲಿ ಹಾರಿಹೋಗಿ, ಕಬ್ಬಿಣದ ಭಾಗ ನಿಧಾನಕ್ಕೆ ಕಂದಾಗುತ್ತೆ, ಇಂಕಿನ ಆಮ್ಲ ಕಾಗದನೂ ತಿನ್ನುತ್ತೆ. ಮಾಮೂಲಿ ಗಾಜು ಅತಿನೇರಳೆ ಕಿರಣನ ಪೂರ್ತಿ ತಡೆಯಲ್ಲ, ಹಾಗಾಗಿ ಕಿಟಕಿ ಎದುರಿಗೆ ನೇತುಹಾಕೋದು ಸೈನಿಗೆ ಒಳ್ಳೇದಲ್ಲ. ಒಂದು ಲೆನ್ಸ್ ಹಿಡಿದ್ರೆ ಇನ್ನೊಂದು ವಿಷಯನೂ ತಿಳಿಯುತ್ತೆ, ಸೈನಲ್ಲಿ ಸಾಲುಸಾಲು ಚುಕ್ಕಿ ಕಂಡ್ರೆ ಅದು ಅಚ್ಚು, ರಾಜ ಪೆನ್ನು ಮುಟ್ಟೇ ಇಲ್ಲ.

ಸೈನಿನ ಕೊನೆಯ ಅಕ್ಷರಗಳಿಂದ ಕಾಲನೂ ಅಂದಾಜು ಮಾಡಬಹುದು. ಐದನೇ ಜಾರ್ಜ್, ಆರನೇ ಜಾರ್ಜ್ ಇಬ್ರೂ ‘ಜಾರ್ಜ್ ಆರ್. ಐ.’ ಅಂತ ಬರೀತಿದ್ರು, ಲ್ಯಾಟಿನಲ್ಲಿ ರೆಕ್ಸ್ ಇಂಪರೇಟರ್, ರಾಜ ಮತ್ತು ಚಕ್ರವರ್ತಿ. ಆ ಐ ಅಕ್ಷರ ಬಂದಿದ್ದು ನಮ್ಮ ದೇಶದಿಂದ. 1947ರ ಆಗಸ್ಟಲ್ಲಿ ಆರನೇ ಜಾರ್ಜ್ ತಾಯಿಗೆ ಬರೆದ ಪತ್ರದಲ್ಲಿ ಐ ಬಿಟ್ಟು ಬರೀ ಆರ್ ಹಾಕಿದ್ರು. ರಾಣಿ ಮೇರಿ ಆ ಲಕೋಟೆ ಹಿಂದೆ, ಮಗ ಭಾರತದ ಐ ಇಲ್ಲದೆ ಬರೆದ ಮೊದಲ ಪತ್ರ ಇದು, ತುಂಬಾ ಬೇಜಾರು ಅಂತ ಬರೆದಿಟ್ಟುಕೊಂಡ್ರು.