ರಿಂಗಿನಲ್ಲಿ ಕಾಣದ ಓಟ

ಮರಿ ಬೇಕೆಂದು ಫೋನ್ ಮಾಡುವವರು ಮೊದಲು ಕೇಳುವುದು ಎತ್ತರ. ಕುಷ್ಟಗಿಯವರಾಗಲಿ, ಸಿಂಧನೂರಿನವರಾಗಲಿ, ಪ್ರಶ್ನೆ ಒಂದೇ: "ಎಷ್ಟು ಇಂಚು ಬರ್ತದ್ರಿ?" ಮುಧೋಳ ನಾಯಿ ಸಾಕಿ, ಶೋಗಳಲ್ಲಿ ಇಳಿಸಿ, ಆಮೇಲೆ ಜಡ್ಜ್ ಆಗಿ ನಿಂತು ತಲೆ ಹಣ್ಣಾದ ನನಗೆ ಎತ್ತರ ಕೊನೆಗೆ ನೋಡುವ ಸಂಗತಿ. ಗಂಡು ಭುಜದ ಹತ್ತಿರ ಸುಮಾರು 70 ಸೆಂಟಿಮೀಟರ್ ಇದ್ದರೆ ಸಾಕು, ಹೆಣ್ಣು ಅದಕ್ಕಿಂತ ಸ್ವಲ್ಪ ಕಡಿಮೆ. ಇನ್ನೂ ಎತ್ತರ ಬೇಕು ಎನ್ನುವವರಿಗೆ ಗ್ರೇಟ್ ಡೇನ್ ಇದೆ.

ಹಿಂದೆ ಯಾವ ನಾಯಿ ಒಳ್ಳೆಯದು ಎಂದು ಜಡ್ಜ್ ಹೇಳಬೇಕಿರಲಿಲ್ಲ. ಮೊಲದ ಹಿಂದೆ ಬಿಟ್ಟರೆ ಹೊಲವೇ ಹೇಳುತ್ತಿತ್ತು. ಓಡಲಾರದ ನಾಯಿಯಿಂದ ಯಾರೂ ಮರಿ ತೆಗೆಯುತ್ತಿರಲಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ನಾಯಿ ಬಿಟ್ಟು ಕಾಡುಪ್ರಾಣಿ ಅಟ್ಟಿಸುವುದೂ ಈಗ ಬೇಟೆಯೇ, ಅಪರಾಧವೇ. ಅದು ಸರಿಯಾಗಿಯೇ ಇದೆ. ನಮ್ಮ ಬಯಲಿನಲ್ಲಿ ತೋಳ, ಕೃಷ್ಣಮೃಗ ಉಳಿಯಬೇಕಲ್ವಾ? ಆದರೆ ನಾಯಿ ಆರಿಸುವ ಕೆಲಸ ಹೊಲದಿಂದ ರಿಂಗಿಗೆ, ಅಂದರೆ ಶೋಗಳಲ್ಲಿ ಜಡ್ಜ್ ಮುಂದೆ ನಾಯಿ ನಡೆಸುವ ಕಣಕ್ಕೆ, ಬಂತು. ರಿಂಗಿನಲ್ಲಿ ಬರೀ ಚಂದ ಕಂಡದ್ದೇ ಗೆಲ್ಲುತ್ತಾ ಹೋದರೆ, ಕೆಲವೇ ತಲೆಮಾರಿನಲ್ಲಿ ಓಟ ಹೋಗಿ ಆಕಾರ ಮಾತ್ರ ಉಳಿಯುತ್ತದೆ.

ತೊಡಕು ಇರುವುದು ಇಲ್ಲೇ. ಕೆನಲ್ ಕ್ಲಬ್ ಆಫ್ ಇಂಡಿಯಾದ ಶೋಗಳಲ್ಲಿ ಕ್ಯಾರವಾನ್ ಹೌಂಡ್ ಎಂದು ಇಳಿಯುವುದೂ ಇದೇ ನಾಯಿ. ಅಲ್ಲಿ ಅದು ಹಿಡಿದು ನಡೆಸುವ ಹ್ಯಾಂಡ್ಲರ್ ಪಕ್ಕದಲ್ಲಿ, ಲೀಶಿನಲ್ಲಿ, ಟ್ರಾಟ್ ಮಾಡುತ್ತದೆ, ಅಂದರೆ ಹದವಾದ ಸಣ್ಣ ಓಟ. ಆದರೆ ಇದು ಗ್ಯಾಲಪ್‌ಗೆ, ನೆಗೆದು ನೆಗೆದು ಓಡುವ ಪೂರ್ತಿ ವೇಗದ ಓಟಕ್ಕೆ, ಹುಟ್ಟಿದ ನಾಯಿ. ಗ್ಯಾಲಪ್‌ನಲ್ಲಿ ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುತ್ತದೆ. ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಬೀಳುತ್ತದೆ. ಒಂದೊಂದು ನೆಗೆತದಲ್ಲೂ ನಾಲ್ಕು ಕಾಲು ಎರಡು ಸಲ ನೆಲ ಬಿಡುತ್ತವೆ: ಮೈ ಮುದುಡಿದಾಗ ಒಮ್ಮೆ, ಪೂರ್ತಿ ಚಾಚಿದಾಗ ಒಮ್ಮೆ. ರಿಂಗಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಕೈಗೆ ಸಿಗಬೇಕು.

ಅದಕ್ಕೇ ನನ್ನ ಕೈ ಮೊದಲು ಸೊಂಟಕ್ಕೆ ಹೋಗುತ್ತದೆ. ಪಕ್ಕೆಲುಬು ಮುಗಿದು ತೊಡೆ ಶುರುವಾಗುವ ತನಕದ ಆ ಜಾಗದಲ್ಲಿ ಅಗಲವಾದ ಗಟ್ಟಿ ಮಾಂಸ ಸಿಗಬೇಕು. ಹೊಟ್ಟೆ ಎಷ್ಟು ಒಳಗೆ ಹೋಗಿದೆ ನೋಡಿ ಎಂದು ಮೆಚ್ಚುವವರು ಬಹಳ. ಸೊಂಟದಲ್ಲಿ ಮಾಂಸ ಇಲ್ಲದಿದ್ದರೆ ಅದು ಸುಮ್ನೆ ಬಡಕಲು. ಎದೆ ಮೊಣಕೈ ಮಟ್ಟಕ್ಕೆ ಇಳಿದಿರಬೇಕು, ಹೃದಯಕ್ಕೂ ಶ್ವಾಸಕೋಶಕ್ಕೂ ಜಾಗ ಬೇಕು. ಆಮೇಲೆ ಪಾದ ಎತ್ತಿ ನೋಡುತ್ತೇನೆ. ಕೊಪ್ಪಳದ ಕಲ್ಲುನೆಲ, ಎಲ್ಲೆಲ್ಲೂ ಬಳ್ಳಾರಿ ಜಾಲಿಯ ಮುಳ್ಳು. ಇಲ್ಲಿ ಮೆತ್ತನೆ ಪಾದದ ನಾಯಿ ಒಂದು ಸುತ್ತಿಗೇ ಕುಂಟುತ್ತದೆ. ಸಿಮೆಂಟ್ ನೆಲದಲ್ಲಿ ಕಟ್ಟಿ ಬೆಳೆಸಿದ್ದರೆ ಬೆರಳುಗಳು ಅಗಲವಾಗಿ ಹರಡಿಕೊಂಡಿರುತ್ತವೆ. ಹ್ಯಾಂಡ್ಲರ್ ಎಷ್ಟೇ ಚೆನ್ನಾಗಿ ನಿಲ್ಲಿಸಿದರೂ ಅದು ಮುಚ್ಚುವುದಿಲ್ಲ.

ಹೊಸ ಜಡ್ಜ್‌ಗಳಿಗೆ ಒಂದು ಮಾತು. ಈ ನಾಯಿಗೆ ಪರಿಚಯ ಇಲ್ಲದವರು ಮೈ ಮುಟ್ಟುವುದು ಆಗುವುದಿಲ್ಲ. ಮೇಲಿಂದ ಬಗ್ಗಿ ತಲೆ ಸವರಲು ಹೋಗಬೇಡಿ. ಪಕ್ಕದಲ್ಲಿ ನಿಂತು ಕೈ ಮೂಸಲು ಬಿಡಿ, ಹಲ್ಲನ್ನು ಹ್ಯಾಂಡ್ಲರ್ ತೋರಿಸಲಿ. ಒಂದು ಹೆಜ್ಜೆ ಹಿಂದೆ ಸರಿದರೆ ಅದನ್ನು ದೋಷವೆಂದು ಹಿಡಿಯಬೇಡಿ. ಕಚ್ಚಲು ಬಂದರೆ ಮಾತ್ರ ಹೊರಗೆ ಕಳಿಸಿ.

2020ರಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಮುಧೋಳ ನಾಯಿಯ ಹೆಸರು ಹೇಳಿದ ಮೇಲೆ ಫೋನ್ ಜಾಸ್ತಿಯಾದವು. ಸಂತೋಷವೇ. ಜೊತೆಗೆ ಬೆದೆಗೆ ಬಂದಾಗಲೆಲ್ಲ ಹೆಣ್ಣನ್ನು ಕಟ್ಟಿಸುವವರೂ ಹೆಚ್ಚಿದರು. 2017ರ ಶ್ವಾನ ತಳಿ ಸಾಕಣೆ ನಿಯಮಗಳ ಪ್ರಕಾರ ಹೆಣ್ಣುನಾಯಿಗೆ 18 ತಿಂಗಳು ತುಂಬಿರಬೇಕು, 8 ವರ್ಷ ದಾಟಿರಬಾರದು. ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಕೂಡದು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಊರಲ್ಲಿ ಒಂದೇ ಗಂಡು ಇದೆ ಎಂದು ಅಪ್ಪನಿಗೆ ಮಗಳನ್ನು ಕೂಡಿಸುವುದನ್ನೂ ನೋಡಿದ್ದೇನೆ. ಅಂಥ ಸೂಲಿನಲ್ಲಿ ಮರಿ ಕಡಿಮೆ, ಸಾಯುವುದು ಜಾಸ್ತಿ. ಒಂದೇ ಬೀಜ ಕೆಳಗಿಳಿದ ಗಂಡುಮರಿಯೂ ಬರಬಹುದು. ಅದು ರಿಂಗಿಗೂ ಬೇಡ, ತಳಿಗೂ ಬೇಡ. ಬೇರೆ ರಕ್ತ ಬೇಕಿದ್ದರೆ ಇಳಕಲ್, ಬಾಗಲಕೋಟೆ ದಾಟಿ ಮುಧೋಳಕ್ಕೇ ಹೋಗಿ. ಪಕ್ಕದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ.

ಇನ್ನು ಓಣಿಯವರ ಮಾತು: "ನಾಯಿಗೆ ಹೊಟ್ಟಿಗೆ ಹಾಕಂಗಿಲ್ಲೇನು?" ಆರೋಗ್ಯವಂತ ಮುಧೋಳದ ಹಿಂದಿನ ಎರಡು ಮೂರು ಪಕ್ಕೆಲುಬು ತೆಳುವಾಗಿ ಕಾಣಲೇಬೇಕು. ಜನರ ಬಾಯಿಗೆ ಹೆದರಿ ಅನ್ನ ಸುರಿದು ಬೊಜ್ಜು ಬರಿಸಿದವರೇ ಹೆಚ್ಚು. ಬೇಸಿಗೆಯಲ್ಲಂತೂ ಈ ಬೊಜ್ಜು ಜೀವಕ್ಕೆ ಬರುತ್ತದೆ. ರಾಯಚೂರು, ಬಳ್ಳಾರಿಯ 40 ಡಿಗ್ರಿ ದಾಟುವ ಬಿಸಿಲಲ್ಲಿ ನಾಯಿ ಮೈ ಆರಿಸಿಕೊಳ್ಳುವುದು ಹೆಚ್ಚಾಗಿ ನಾಲಗೆ ಚಾಚಿ ಏದುಸಿರು ಬಿಟ್ಟೇ. ಓಡಿಸುವುದಿದ್ದರೆ ಸೂರ್ಯ ಹುಟ್ಟುವ ಮುಂಚೆ ಮುಗಿಸಿ.

ಕೊಬ್ಬು ಕಡಿಮೆ ಇರುವ ಮೈಗೆ ಇನ್ನೊಂದು ಎಚ್ಚರಿಕೆ ಬೇಕು. ಥಯೋಪೆಂಟೋನ್‌ನಂಥ ಹಳೆ ಅರಿವಳಿಕೆ ಔಷಧ ವಿದೇಶಿ ಓಟದ ನಾಯಿ ಗ್ರೇಹೌಂಡ್‌ಗಳ ಮೈಯಿಂದ ಬೇಗ ಇಳಿಯುವುದಿಲ್ಲ, ಎಚ್ಚರವಾಗಲು ತುಂಬಾ ಹೊತ್ತು ಹಿಡಿಯುತ್ತದೆ. ನಮ್ಮದೂ ಅದೇ ಮೈಕಟ್ಟಿನ ನಾಯಿ. ಆಪರೇಷನ್ ಇದ್ದರೆ ತೂಕ ಮಾತ್ರ ಹೇಳಿ ಸುಮ್ಮನಾಗಬೇಡಿ. ಇದು ಓಟದ ತಳಿ ಎಂದು ಡಾಕ್ಟರ್‌ಗೆ ಮೊದಲೇ ತಿಳಿಸಿ, ಯಾವ ಔಷಧ ಕೊಡುತ್ತೀರಿ ಎಂದು ಕೇಳಿ.